ಪ್ರಭುಭೋಜನಕ್ಕೆ ಮುಂಚೆ ಎದ್ದು ಹೋಗುತ್ತಿದ್ದ ಕರುಣಮ್ಮ

ಇವರನ್ನು ಕರುಣಮ್ಮ ಅಂತ ಕರೆಯೋಣ. ಹೆಸರು ನಿಜವಲ್ಲ. ವಯಸ್ಸು, ಊರು, ಮನೆಯ ವಿವರಗಳನ್ನೂ ಅಲ್ಲಲ್ಲಿ ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. "ನನ್ನ ಥರ ಇನ್ನೂ ಯಾರಾದ್ರೂ ಎದ್ದು ಹೋಗ್ತಿರಬಹುದು ಮೇಡಂ, ಬರೀರಿ" ಅಂದರು.

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯವರು. ಐವತ್ತು ದಾಟಿದೆ. ಮೂರು ತಲೆಮಾರಿನಿಂದ ಅದೇ ಚರ್ಚು, ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಸಭೆ. ಆಪ್ತಸಲಹೆಗೆ ಅಂತ ಹಾಸನಕ್ಕೆ, ನನ್ನ ಹತ್ತಿರ, ಬಸ್ಸು ಹತ್ತಿಸಿ ಕಳಿಸಿದ್ದು ಮಗಳು. ನಿದ್ದೆ ಬರಲ್ಲ ಅನ್ನುವುದು ದೂರು. ಯಾವಾಗಿನಿಂದ, ಯಾವ ರಾತ್ರಿ ಅಂತ ಕೇಳುತ್ತಾ ಹೋದರೆ ಲೆಕ್ಕ ಬೇರೆಯೇ ಸಿಕ್ಕಿತು. ತಿಂಗಳಲ್ಲಿ ಒಂದೇ ಶನಿವಾರ ನಿದ್ದೆ ಪೂರ್ತಿ ಹೋಗುತ್ತಿತ್ತು. ಮರುದಿನ ಅವರ ಸಭೆಯಲ್ಲಿ ಪ್ರಭುಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಯವರು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ.

ಆ ಶನಿವಾರ ಊಟವನ್ನೂ ಬಿಡುತ್ತಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಆರಾಧನೆಗೆ ಹೋಗುವುದು. ಅಯ್ಯನವರ (ಪಾದ್ರಿಯವರ) ಪ್ರಸಂಗ ಮುಗಿದು ವಿಜ್ಞಾಪನೆ ಪ್ರಾರ್ಥನೆ ಆಗುತ್ತಿದ್ದ ಹಾಗೆ ತಲೆ ತಿರುಗುವುದು, ಎದ್ದು ಹೊರಗೆ ಹೋಗುವುದು. ಎರಡು ವರ್ಷದಿಂದ ರೊಟ್ಟಿ ತಿಂದಿಲ್ಲ, ಪಾತ್ರೆ ಮುಟ್ಟಿಲ್ಲ.

"ದೇವರೇ ತಳ್ತಾ ಇದ್ದಾನೆ ಅನ್ಸುತ್ತೆ. ಅಯೋಗ್ಯಳು ಅಂತ."

ಆ ಮಾತು ಬಂದಿದ್ದು ಎಲ್ಲಿಂದ ಅಂತ ಗೊತ್ತಾಗಲು ಎರಡು ಭೇಟಿ ಬೇಕಾಯಿತು. ಎರಡು ವರ್ಷದ ಹಿಂದೆ ಸಭೆಯ ಸುಗ್ಗಿ ಹಬ್ಬದಲ್ಲಿ ವಾರಗಿತ್ತಿ ಜೊತೆ ಜಗಳವಾಗಿತ್ತು. ಮಾತು ಬಿಟ್ಟಿತ್ತು. ಮಾತು ಬಿಟ್ಟಿದ್ದಾಗಲೇ ಒಂದು ಭಾನುವಾರ ಪ್ರಭುಭೋಜನ ತೆಗೆದುಕೊಂಡರು. ಮೂರು ವಾರಕ್ಕೆ ಯಜಮಾನರಿಗೆ ಹೃದಯಾಘಾತವಾಯಿತು. ಬದುಕಿದರು, ಈಗ ಚೆನ್ನಾಗಿದ್ದಾರೆ. ಆದರೆ ಆ ವರ್ಷವೇ ಒಂದು ಕನ್ವೆನ್ಷನ್‌ನಲ್ಲಿ ಬೋಧಕರೊಬ್ಬರು, ಅಯೋಗ್ಯವಾಗಿ ತಿಂದವರ ಮನೆಗೆ ರೋಗ ಬರುತ್ತದೆ ಅಂತ ಮೈಕಿನಲ್ಲಿ ಗುಡುಗಿದ್ದರು. ಕರುಣಮ್ಮ ಎರಡನ್ನೂ ಗಂಟು ಹಾಕಿಕೊಂಡರು. ಯಜಮಾನರು ಮೂವತ್ತು ವರ್ಷ ಸಿಗರೇಟು ಸೇದಿದ್ದು ಅವರ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಮೊದಲು ಹೊಟ್ಟೆಯ ವಿಷಯ ಮಾತಾಡಿದೆ. ಕೆಲವು ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ನಿಮ್ಮ ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ ಅಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಹಾಗಾದ್ರೆ ತಲೆ ತಿರುಗಿದ್ದು ಅದಕ್ಕಾ?" ಅದಕ್ಕೇ ಇರಬಹುದು, ಪರೀಕ್ಷೆ ಮಾಡಿಸಿ ಅಂದೆ. ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು! ದೇವರ ಕೋಪ ಅಂದುಕೊಂಡಿದ್ದು ಇಡ್ಲಿ ತಿಂದರೆ ಹೋಗುವಂಥದ್ದು ಅಂದರೆ ಯಾರಿಗಾದರೂ ಹಾಗೇ ಅಲ್ವಾ.

ಆದರೆ ಬೈಬಲ್ ವಚನದ ಭಯ ಇಡ್ಲಿಗೆ ಹೋಗುವುದಿಲ್ಲ. ನಾನು ಆಪ್ತಸಲಹೆಯಲ್ಲಿ ಪ್ರಸಂಗ ಮಾಡುವವಳಲ್ಲ. ಆದರೂ ವಚನ ಹಿಡಿದುಕೊಂಡು ಬಂದವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಅವರು ಮತ್ತೆ ಬರುವುದಿಲ್ಲ. ಮುಂದಿನ ಸಲ ಬೈಬಲ್ ತನ್ನಿ ಅಂದೆ. ಅಂಚು ಸವೆದ ಕಪ್ಪು ಪುಸ್ತಕ ತಂದರು, ಒಳಗೆ ಒಣಗಿದ ಗರಿಗಳ ಭಾನುವಾರದ ಗರಿ.

ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆ, ಹನ್ನೊಂದನೇ ಅಧ್ಯಾಯ, 17ರಿಂದ ಕೊನೆಯವರೆಗೆ. ಜೋರಾಗಿ ಓದಿ ಅಂದೆ. ನನ್ನ ಲೆಕ್ಕ ಇದ್ದದ್ದು 27, 28ನೇ ವಚನದ ಮೇಲೆ. 27ರಲ್ಲಿ ಇರುವುದು 'ಅಯೋಗ್ಯವಾಗಿ' ತಿನ್ನುವುದರ ಮಾತು. ಅಯೋಗ್ಯರು ತಿನ್ನಬಾರದು ಅಂತ ಅಲ್ಲಿ ಇಲ್ಲ. ಅದು ತಿನ್ನುವ ರೀತಿಯ ಬಗ್ಗೆ, ತಿನ್ನುವವರ ಯೋಗ್ಯತೆಯ ಬಗ್ಗೆ ಅಲ್ಲ. 28ರಲ್ಲಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಅಂದ ಪೌಲ ಅಲ್ಲಿಗೆ ಬಿಡುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಅನ್ನುತ್ತಾನೆ. ಎದ್ದು ಹೋಗಲಿ ಅನ್ನುವುದಿಲ್ಲ. ಇದನ್ನು ತೋರಿಸಿದರೆ ಅರ್ಧ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ.

ಅವರು ಅಲ್ಲಿಯವರೆಗೆ ಬರಲೇ ಇಲ್ಲ. 21ನೇ ವಚನಕ್ಕೆ ನಿಂತರು. ಊಟದಲ್ಲಿ ಪ್ರತಿಯೊಬ್ಬನೂ ತನ್ನದನ್ನು ಮುಂಚೆಯೇ ತಿಂದುಬಿಡುತ್ತಾನೆ, ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಅನ್ನುವ ಜಾಗ.

"ಇದು ಊಟದ ವಿಷಯನಾ?"

ಹೌದು, ಊಟದ ವಿಷಯವೇ. ಪೌಲ ಇದನ್ನು ಬರೆಯುವಾಗ, ಅಂದರೆ ಹೆಚ್ಚುಕಡಿಮೆ ಕ್ರಿ.ಶ. 54-55ರ ಹೊತ್ತಿಗೆ, ಕೊರಿಂಥದ ವಿಶ್ವಾಸಿಗಳು ಸೇರುತ್ತಿದ್ದದ್ದು ಮನೆಗಳಲ್ಲಿ. ರೊಟ್ಟಿ, ದ್ರಾಕ್ಷಾರಸದ ಜೊತೆ ಪೂರಾ ಊಟವೂ ಇರುತ್ತಿತ್ತು. ಭಾನುವಾರ ರಜೆ ಅನ್ನುವುದು ಆಗ ಇಲ್ಲ. ಅನುಕೂಲಸ್ಥರು ಹೊತ್ತಿಗೆ ಮುಂಚೆ ಬಂದು ಉಣ್ಣಬಹುದಿತ್ತು. ದಾಸರು, ಕೂಲಿಯವರು ಕೆಲಸ ಬಿಟ್ಟಮೇಲೆ ಬರಬೇಕಿತ್ತು. ಅವರು ಬರುವ ಹೊತ್ತಿಗೆ ಪಾತ್ರೆ ಖಾಲಿ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ 22ರಲ್ಲಿ ಪೌಲ ರೇಗುತ್ತಾನೆ. 33ರಲ್ಲಿ ಅವನು ಹೇಳುವ ಪರಿಹಾರ ತುಂಬಾ ಸಾದಾ: ಊಟಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾಯಿರಿ.

ಕರುಣಮ್ಮ ಬೈಬಲ್ ಮುಚ್ಚಿದರು. ಆಮೇಲೆ ಜಗಳದ ನಿಜವಾದ ಕಥೆ ಬಂತು. ಅಲ್ಲಿಯವರೆಗೆ ನನಗೆ ಹೇಳಿದ್ದು "ಅವಳು ಎಲ್ಲರ ಮುಂದೆ ನನ್ನ ಮಾನ ಕಳೆದಳು" ಅನ್ನುವಷ್ಟೇ.

ಸುಗ್ಗಿ ಹಬ್ಬದ ದಿನ ಸಭೆಯವರು ತಂದ ಬಾಳೆಗೊನೆ, ಕುಂಬಳಕಾಯಿ, ಕೋಳಿ, ಕಾಳುಮೆಣಸಿನ ಹರಾಜು ಮುಗಿದ ಮೇಲೆ ಊಟ. ಬಡಿಸುವ ಜವಾಬ್ದಾರಿ ಕರುಣಮ್ಮನದು. ಕಾಫಿ ಕೊಯ್ಲಿನ ಸಮಯ. ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವ ನಾಲ್ಕೈದು ಕುಟುಂಬದವರು ಬೆಳಗ್ಗೆ ಕೊಯ್ಲು ಮಾಡಿ, ತೂಕ ಹಾಕಿಸಿ, ತಡವಾಗಿ ಬಂದರು. ಕೊನೇ ಪಂಕ್ತಿ. ಅಷ್ಟು ಹೊತ್ತಿಗೆ ಬಿರಿಯಾನಿಯಲ್ಲಿ ತುಂಡು ಇರಲಿಲ್ಲ, ಅನ್ನ ಮತ್ತು ಸಾರು ಮಾತ್ರ. ವಾರಗಿತ್ತಿ ಸೌಟು ಹಿಡಿದುಕೊಂಡೇ ಕೂಗಿ ಕೇಳಿದಳು: "ಅಕ್ಕ, ಇವರಿಗೆ ಬರೀ ಸಾರಾ?"

"ಅಯ್ಯನವರ ಅಡುಗೆಮನೇಲಿ ಒಂದು ಸ್ಟೀಲ್ ಡಬ್ಬಿ ತುಂಬ ತುಂಡು ಎತ್ತಿಟ್ಟಿದ್ದೆ ಮೇಡಂ. ತೋಟದ ನೆಂಟರು ಬರೋರಿದ್ರು. ಅವಳಿಗೆ ಗೊತ್ತಿತ್ತು. ಅದಕ್ಕೇ ಕೇಳಿದ್ದು."

ನಾನೇನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಇಲ್ಲಿ ನನ್ನ ಭಯ ಬೇರೆಯಿತ್ತು. ಈ ಹೊಸ ತಪ್ಪನ್ನೂ ಯಜಮಾನರ ಎದೆನೋವಿಗೆ ಗಂಟು ಹಾಕಿಕೊಂಡುಬಿಟ್ಟರೆ? 30ನೇ ವಚನದಲ್ಲಿ ಪೌಲ ರೋಗದ ಮಾತು ಆಡಿದ್ದಾನೆ, ಅದನ್ನು ಇಲ್ಲ ಅನ್ನಲು ಆಗದು. ಆದರೆ ಆ ಸಭೆಯ ಬಗ್ಗೆ ಅಪೊಸ್ತಲ ಹೇಳಿದ್ದನ್ನು ಹಿಡಿದು, ಕಾಯಿಲೆ ಬಿದ್ದವರ ಮನೆಯಲ್ಲೆಲ್ಲ ಪಾಪ ಹುಡುಕಲು ಯಾರೂ ನಮಗೆ ಅಧಿಕಾರ ಕೊಟ್ಟಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಪಾಪ ಮಾಡಿದ್ದು ಇವನೋ, ಇವನ ಹೆತ್ತವರೋ ಅಂತ ಶಿಷ್ಯರು ಕೇಳುತ್ತಾರೆ. ಯೇಸು ಎರಡೂ ಅಲ್ಲ ಅನ್ನುತ್ತಾನೆ. ಲೂಕ ಹದಿಮೂರರಲ್ಲಿ ಸಿಲೋವ ಗೋಪುರ ಬಿದ್ದು ಸತ್ತ ಹದಿನೆಂಟು ಜನರ ಬಗ್ಗೆಯೂ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಅನ್ನುತ್ತಾನೆ. ಈ ಎರಡನ್ನೂ ಅವರ ಕೈಯಲ್ಲೇ ಓದಿಸಿದೆ. ಯಜಮಾನರ ಎದೆಯ ವಿಷಯಕ್ಕೆ ಅವರ ಹೃದ್ರೋಗ ತಜ್ಞರನ್ನು ಕೇಳಿ, ಮುಂದಿನ ಚೆಕಪ್‌ಗೆ ಜೊತೆಯಲ್ಲಿ ಹೋಗಿ ಅಂದೆ. ಡಬ್ಬಿಯ ತಪ್ಪು ಡಬ್ಬಿಯಷ್ಟೇ ಇರಲಿ.

ಇನ್ನೊಂದು ಕೇಳಿದೆ. ಸರಿಯಾಗಿ ಯಾವ ಹೊತ್ತಿಗೆ ಎದ್ದು ಹೋಗುತ್ತೀರಿ? ಅವರು ಯೋಚಿಸಿ ಹೇಳಿದರು: ಸಮಾಧಾನ ಕೊಡುವುದಕ್ಕೆ ಸ್ವಲ್ಪ ಮುಂಚೆ.

ನಮ್ಮ ಸಭೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಮೆಥೊಡಿಸ್ಟ್, ಆಂಗ್ಲಿಕನ್ ಮುಂತಾದ ಸಭೆಗಳು 1947ರಲ್ಲಿ ಸೇರಿ ಸಿಎಸ್‌ಐ ಆಯಿತು. 1950ರಲ್ಲಿ ಬಂದ ಅದರ ಆರಾಧನಾ ಕ್ರಮದಲ್ಲಿ ಪ್ರಭುಭೋಜನಕ್ಕೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಇಟ್ಟರು. ಪವಿತ್ರವಾದ ಮುದ್ದಿಟ್ಟು ವಂದಿಸಿರಿ ಅಂತ ಪೌಲ ಬರೆದಿದ್ದನ್ನು ನಾವು ಅಂಗೈ ಜೋಡಿಸುವುದಕ್ಕೆ ಇಳಿಸಿಕೊಂಡಿದ್ದೇವೆ. ಅದು ಬೆಂಚಿನಿಂದ ಬೆಂಚಿಗೆ ಬರುತ್ತದೆ. ಕರುಣಮ್ಮನ ಪಕ್ಕದಲ್ಲಿ ಎಷ್ಟೋ ವರ್ಷದಿಂದ ಕೂರುತ್ತಿದ್ದವಳು ವಾರಗಿತ್ತಿ. ಜಾಗ ಇಬ್ಬರೂ ಬದಲಾಯಿಸಿರಲಿಲ್ಲ.

"ನೀವು ರೊಟ್ಟಿಗೆ ಹೆದರಿ ಹೋಗ್ತಿಲ್ಲ ಕರುಣಮ್ಮ, ಆ ಕೈಗೆ ಹೆದರಿ ಹೋಗ್ತಿದ್ದೀರಿ" ಅಂದೆ. ಅತ್ತರು.

ಸಲಹೆ ಕೊಟ್ಟದ್ದು ಇಷ್ಟು. ಮತ್ತಾಯ ಐದರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಹೋಗಿ ಸಹೋದರನ ಜೊತೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಅಂತ ಇದೆ. ನೀವು ಎದ್ದು ಹೋಗುವವರೆಗೆ ಮಾಡಿದ್ದೀರಿ. ಹೋಗಬೇಕಾದ ಮನೆಗೆ ಮಾತ್ರ ಹೋಗಿಲ್ಲ. ಭಾನುವಾರ ಚರ್ಚಿನಲ್ಲಿ, ನಾಲ್ಕು ಜನರ ಮುಂದೆ ಬೇಡ. ವಾರದ ಮಧ್ಯೆ ಹೋಗಿ. 'ನನ್ನಿಂದ ಬೇಜಾರಾಗಿದ್ರೆ' ಅಂತ ಶುರು ಮಾಡಬೇಡಿ, ಆ 'ಆಗಿದ್ರೆ' ಇನ್ನೊಂದು ಜಗಳ ಹುಟ್ಟಿಸುತ್ತದೆ. ಡಬ್ಬಿಯ ಹೆಸರು ಎತ್ತಿ ಹೇಳಿ. ಅವಳು ಕೂಗಿದ್ದು ಸರಿಯೋ ತಪ್ಪೋ ಅನ್ನುವುದು ಆ ದಿನದ ಮಾತಲ್ಲ. ಲೈನ್ ಮನೆಯವರ ಹತ್ತಿರವೂ ಒಂದು ಮಾತು ಬಾಕಿ ಇದೆ, ಅವರೇ ಹಸಿದಿದ್ದವರು. ಪ್ರಭುಭೋಜನ ಯಾವಾಗ ತೆಗೆದುಕೊಳ್ಳಬೇಕು ಅನ್ನುವುದನ್ನು ಅಯ್ಯನವರ ಜೊತೆ ಮಾತಾಡಿ, ಅದು ನನ್ನ ಕೆಲಸ ಅಲ್ಲ.

ಹೋದರು. ವಾರಗಿತ್ತಿ ಕಣದಲ್ಲಿ ಕಾಫಿ ಹರಡುತ್ತಿದ್ದಳಂತೆ. ಒಳಗೆ ಕರೆಯಲಿಲ್ಲ. ಕೇಳಿಸಿಕೊಂಡು, "ಈಗ್ಯಾಕೆ ಅಕ್ಕ ಅದೆಲ್ಲ" ಅಂದು ಕಾಫಿ ಎಳೆಯುತ್ತಲೇ ಇದ್ದಳಂತೆ. ಕರುಣಮ್ಮ ಹತ್ತು ನಿಮಿಷ ಬಿಸಿಲಲ್ಲಿ ನಿಂತು ವಾಪಸ್ ಬಂದರು. ನನಗೆ ಫೋನ್ ಮಾಡಿ ಬೈದರು ಕೂಡ. ಲೈನ್ ಮನೆಯ ಹೆಂಗಸೊಬ್ಬರು ಮಾತ್ರ ಕೂರಿಸಿ ಕರಿ ಕಾಫಿ ಕೊಟ್ಟರಂತೆ. ಆ ದಿನದ ಸಾರಿಗೆ ಉಪ್ಪೂ ಇರಲಿಲ್ಲ ಅಂತ ನಕ್ಕರಂತೆ.

ಆ ತಿಂಗಳ ಭಾನುವಾರದ ಮಧ್ಯಾಹ್ನ ಮತ್ತೆ ಫೋನ್ ಬಂತು.

"ಕೂತಿದ್ದೆ ಮೇಡಂ. ಕೈ ಕೊಟ್ಟಳು. ಮುಖ ನೋಡಲಿಲ್ಲ."

"ತಲೆ ತಿರುಗಿತಾ?"

"ಇಲ್ಲ. ರಾತ್ರಿ ಎರಡು ಅಕ್ಕಿ ರೊಟ್ಟಿ ತಿಂದಿದ್ದೆ."