ಅಪ್ಪನ ಅಂಗಿ ಕಸಿಯಬೇಡಿ

ಪ್ರಶ್ನೆ: ಗಂಡ ತೀರಿಹೋಗಿ 3 ವರ್ಷವಾಯಿತು. ಈಗ ಮರುಮದುವೆ ಗೊತ್ತಾಗಿದೆ. 9 ವರ್ಷದ ಮಗಳು ಅವರಪ್ಪನ ಅಂಗಿ ಹಿಡಿದುಕೊಂಡೇ ಮಲಗುತ್ತಾಳೆ. ಹೊಸಬರನ್ನು 'ಅಪ್ಪಾ' ಅನ್ನು ಅಂತ ನಮ್ಮವ್ವ ದಿನಾ ಗದರುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ತಂಗಿ, ಮೊದಲು ಅವ್ವನ ಬಾಯಿ ಮುಚ್ಚಿಸಿ. 'ಕಾಕಾ' ಅಂದರೂ ಸಾಕಲ್ವಾ? ಅಂಗಿ ಅವಳ ಹತ್ತಿರವೇ ಇರಲಿ, ಸುಮ್ನೆ ಒಗೆಯಲೂ ಹೋಗಬೇಡಿ, ಅಪ್ಪನ ವಾಸನೆ ಹೋದೀತು. ಮದುವೆಯಾದ ಮೇಲೂ ವಾರಕ್ಕೊಂದು ಸಂಜೆ ನೀವು, ಮಗಳು ಇಬ್ಬರೇ ಶರಣಬಸವೇಶ್ವರ ಕೆರೆ ಕಡೆ ಹೋಗಿ, ಮಿರ್ಚಿ ಭಜಿ ತಿಂದು ಬನ್ನಿ. ಮನೆ, ಶಾಲೆ ಎರಡೂ ಒಟ್ಟಿಗೆ ಬದಲಿಸಬೇಡಿ. ಟೀಚರ್‌ಗೂ ವಿಷಯ ತಿಳಿಸಿ. ಇನ್ನೊಂದು ಮಾತು, 1956ರ ಹಿಂದೂ ಪಾಲಕತ್ವ ಕಾಯ್ದೆಯಲ್ಲಿ ಮಲತಂದೆ ಸಹಜ ಪಾಲಕನಲ್ಲ, ಅಂದರೆ ಕಾನೂನು ಅವರನ್ನು ತಾನಾಗಿಯೇ ಮಗುವಿನ ಪಾಲಕ ಅಂತ ಒಪ್ಪುವುದಿಲ್ಲ, ಹಾಗಾಗಿ ಮಗಳ ಹೆಸರಿನ ಹೊಲ, ಹಣದ ಕಾಗದ ನಿಮ್ಮ ಕೈಯಲ್ಲೇ ಇರಲಿ. ಹೊಡೆತ ಬಡಿತ ಕಂಡರೆ ಮಾತ್ರ ಯಾರನ್ನೂ ಕೇಳದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.