ಗೋಲು ಹೊಡೆಯುತ್ತಿದ್ದವರು ಕೋಚ್ ಆದಾಗ: ಯುಪ್ ಹೈಂಕೆಸ್ ಬಗ್ಗೆ ಓದುಗರ ಪ್ರಶ್ನೆಗಳು

ಜರ್ಮನ್ ಫುಟ್‌ಬಾಲ್‌ನ ಯುಪ್ ಹೈಂಕೆಸ್ ಕುರಿತು ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಹೈಂಕೆಸ್ ದೊಡ್ಡ ಸ್ಟ್ರೈಕರ್ ಆಗಿದ್ದರಂತೆ. ಆಟ ಬಿಟ್ಟ ತಕ್ಷಣ ಕೋಚ್ ಆದರೋ ಅಥವಾ ಅದಕ್ಕೂ ಏನಾದರೂ ಓದಬೇಕಿತ್ತೋ? (ಧಾರವಾಡ)

ಓದಬೇಕಿತ್ತು, ಓದಿದರು. ಹೈಂಕೆಸ್ ಹುಟ್ಟಿದ್ದು 1945ರ ಮೇ 9ರಂದು, ಮೊಂಚೆನ್‌ಗ್ಲಾಡ್‌ಬಾಕ್‌ನಲ್ಲಿ. ಕಲಿತ ಕಸುಬು ಗಾರೆ ಕೆಲಸ. 1964ರಲ್ಲಿ ಊರಿನ ಬೊರುಸಿಯಾ ತಂಡ (ಮುಂದೆ ಇದನ್ನು ಗ್ಲಾಡ್‌ಬಾಕ್ ಎಂದೇ ಕರೆದಿದ್ದೇವೆ) ಸೇರಿದರು. ಮಧ್ಯೆ ಮೂರು ವರ್ಷ ಹ್ಯಾನೋವರ್‌ಗೆ ಆಡಿದ್ದು ಬಿಟ್ಟರೆ 1978ರವರೆಗೂ ಅಲ್ಲೇ ಇದ್ದರು. ಜರ್ಮನಿಯ ಮೇಲಿನ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ 369 ಪಂದ್ಯ, 220 ಗೋಲು. ಲೀಗ್ ಪ್ರಶಸ್ತಿ ನಾಲ್ಕು ಸಲ. 1972ರ ಯೂರೋ ಗೆದ್ದ, 1974ರ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿ ತಂಡಗಳಲ್ಲೂ ಇದ್ದರು. ಯೂರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್ಎ ಕಪ್‌ನ 1975ರ ಫೈನಲ್‌ನ ಎರಡನೇ ಪಂದ್ಯದಲ್ಲಿ ಟ್ವೆಂಟೆ ತಂಡವನ್ನು ಅದರ ನೆಲದಲ್ಲೇ 5-1ರಿಂದ ಸೋಲಿಸಿದಾಗ ಹ್ಯಾಟ್ರಿಕ್ ಹೊಡೆದವರು ಇವರೇ.

ಬುಂಡೆಸ್‌ಲೀಗಾದ ಕೊನೆಯ ಪಂದ್ಯದಲ್ಲಂತೂ (ಏಪ್ರಿಲ್ 29, 1978) ಡಾರ್ಟ್‌ಮಂಡ್ ವಿರುದ್ಧ 12-0 ಗೆಲುವು, ಅದರಲ್ಲಿ ಐದು ಗೋಲು ಇವರವು. ಅಷ್ಟಾದರೂ ಪ್ರಶಸ್ತಿ ಸಿಗಲಿಲ್ಲ. ಅಂಕ ಸಮ, ಗೋಲು ವ್ಯತ್ಯಾಸದಲ್ಲಿ ಮೂರು ಕಡಿಮೆ. ಕಪ್ ಕೊಲೋನ್ ತಂಡಕ್ಕೆ ಹೋಯಿತು. ಕೊಲೋನ್‌ನ ಕೋಚ್ ಯಾರೆಂದರೆ ಹೆನ್ನೆಸ್ ವೈಸ್‌ವೈಲರ್, ಹೈಂಕೆಸ್‌ರನ್ನು ಗ್ಲಾಡ್‌ಬಾಕ್‌ನಲ್ಲಿ ಬೆಳೆಸಿದ ಗುರುವೇ!

ಆಟ ಬಿಟ್ಟ ಮೇಲೆ ಒಂದು ಋತು ಉಡೊ ಲಾಟೆಕ್‌ರ ಕೈಕೆಳಗೆ ಸಹಾಯಕ ಕೋಚ್, ಜೊತೆಗೆ ಕೊಲೋನ್‌ನ ಕ್ರೀಡಾ ವಿದ್ಯಾಲಯದಲ್ಲಿ ಕೋಚ್ ಪರವಾನಗಿಯ ಕೋರ್ಸ್. 1947ರಲ್ಲಿ ಸೆಪ್ ಹೆರ್ಬೆರ್ಗರ್ ಶುರುಮಾಡಿದ ಈ ಕೋರ್ಸ್‌ನ ಮೊದಲ ತಂಡದಲ್ಲಿ ವೈಸ್‌ವೈಲರ್ ಕಲಿತಿದ್ದರು, ಆಮೇಲೆ ವರ್ಷಗಟ್ಟಲೆ ಅದನ್ನು ನಡೆಸಿದರು. ವಿಶ್ವಕಪ್ ಗೆದ್ದವರಾದರೂ ಪರವಾನಗಿಗೆ ಪಾಠಕ್ಕೆ ಕೂರಲೇಬೇಕು ಎಂಬ ಪದ್ಧತಿ ಅಲ್ಲಿ ಹೀಗೆ ಗಟ್ಟಿಯಾಯಿತು. 1979ರಲ್ಲಿ ಲಾಟೆಕ್ ಹೋದಾಗ ಹೈಂಕೆಸ್‌ಗೆ 34 ವರ್ಷ. ಒಂದು ವರ್ಷದ ಹಿಂದೆ ಜೊತೆಗೆ ಆಡಿದ್ದವರಿಗೇ ಈಗ ಕೋಚ್.

ಪ್ರಶ್ನೆ: ಗ್ಲಾಡ್‌ಬಾಕ್‌ನಲ್ಲಿ ಕೋಚ್ ಆಗಿ ಎಂಟು ವರ್ಷ ಇದ್ದರೂ ಒಂದು ಕಪ್ ಇಲ್ಲ. ಆಮೇಲೆ ಅಷ್ಟು ಗೆದ್ದವರಿಗೆ ಆಗ ಏನು ಕೊರತೆ? (ಮೈಸೂರು)

ಕೊರತೆ ಮೊದಲನೆಯದಾಗಿ ದುಡ್ಡಿನದು. ಒಳ್ಳೆಯ ಆಟಗಾರರನ್ನು ಬೆಳೆಸುವುದು, ಶ್ರೀಮಂತ ಕ್ಲಬ್‌ಗೆ ಮಾರುವುದು, ಇದೇ ನಡೆಯುತ್ತಿತ್ತು. 1984ರ ಜರ್ಮನ್ ಕಪ್ ಫೈನಲ್ ನೋಡಿ: ಮ್ಯೂನಿಕ್‌ನ ಬಯರ್ನ್ ಎದುರು ಪಂದ್ಯ ಪೆನಾಲ್ಟಿಗೆ ಹೋಯಿತು. ಆ ಬೇಸಿಗೆಯಲ್ಲಿ ಬಯರ್ನ್‌ಗೇ ಹೊರಟಿದ್ದ ಲೋಥಾರ್ ಮಥೌಸ್ ಒದ್ದ ಪೆನಾಲ್ಟಿ ಕೈತಪ್ಪಿತು. ಅದೇ ವರ್ಷ ಲೀಗ್‌ನಲ್ಲಿ ಸ್ಟುಟ್‌ಗಾರ್ಟ್, ಹ್ಯಾಂಬರ್ಗ್ ಜೊತೆ ಅಂಕ ಸಮವಾಗಿ, ಗೋಲು ವ್ಯತ್ಯಾಸದಲ್ಲಿ ಮೂರನೇ ಸ್ಥಾನ.

ಎರಡನೆಯದು, ಎರಡು ಪಂದ್ಯಗಳ ಲೆಕ್ಕ. ಎರಡೂ ಪಂದ್ಯಗಳ ಒಟ್ಟು ಗೋಲು ಸಮವಾದರೆ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದ ತಂಡಕ್ಕೆ ಆಗ ಗೆಲುವು. 2021-22ರಿಂದ ಈ ನಿಯಮ ಯೂರೋಪಿನಲ್ಲಿಲ್ಲ. 1980ರ ಯುಇಎಫ್ಎ ಕಪ್ ಫೈನಲ್: ತವರಿನಲ್ಲಿ ಫ್ರಾಂಕ್‌ಫರ್ಟ್ ಮೇಲೆ 3-2 ಗೆಲುವು, ಅಲ್ಲಿ 0-1 ಸೋಲು. ಒಟ್ಟು 3-3. ಫ್ರಾಂಕ್‌ಫರ್ಟ್ ಹೊರಗೆ ಹೊಡೆದದ್ದು ಎರಡು, ಗ್ಲಾಡ್‌ಬಾಕ್‌ನದು ಸೊನ್ನೆ. 1985ರಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ ಮೊದಲ ಪಂದ್ಯದಲ್ಲಿ 5-1, ಮ್ಯಾಡ್ರಿಡ್‌ನಲ್ಲಿ 0-4. ಒಟ್ಟು 5-5, ಮತ್ತೆ ಔಟ್. ಐದು ಗೋಲು ಹೊಡೆದ ರಾತ್ರಿ ಬಿಟ್ಟುಕೊಟ್ಟ ಆ ಒಂದೇ ಗೋಲು ಎರಡು ವಾರ ಬಿಟ್ಟು ಕುತ್ತಿಗೆಗೆ ಬಂತು. ಗೋಲು ಹೊಡೆಯುವುದನ್ನು ಈ ತಂಡಕ್ಕೆ ಯಾರೂ ಕಲಿಸಬೇಕಿರಲಿಲ್ಲ, ಮುನ್ನಡೆ ಇದ್ದಾಗ ಬಾಗಿಲು ಹಾಕುವುದು ಬರುತ್ತಿರಲಿಲ್ಲ. (ಇದೇ ನಿಯಮ 2013ರಲ್ಲಿ, ಬಯರ್ನ್ ಕೋಚ್ ಆಗಿದ್ದಾಗ, ಅವರ ಕೈ ಹಿಡಿಯಿತು. ಆರ್ಸೆನಲ್ ವಿರುದ್ಧ ಲಂಡನ್‌ನಲ್ಲಿ 3-1, ಮ್ಯೂನಿಕ್‌ನಲ್ಲಿ 0-2. ಒಟ್ಟು 3-3 ಆದರೂ ಬಯರ್ನ್ ಪಾಸು.)

ಮೂರನೆಯದು ಸ್ವಭಾವ. ಸಿಟ್ಟು ಬಂದರೆ ಮುಖ ಕೆಂಪಾಗುತ್ತಿದ್ದ ಕಾರಣ ಬಲ್ಬ್ ಕಂಪನಿಯ ಹೆಸರಿನಲ್ಲಿ ಅವರನ್ನು 'ಓಸ್ರಾಮ್' ಎಂದು ಕರೆಯುತ್ತಿದ್ದರು. ಶಿಸ್ತಿನ ವಿಷಯದಲ್ಲಿ ಬಗ್ಗುವವರಲ್ಲ. ಆಮೇಲೆ ಫ್ರಾಂಕ್‌ಫರ್ಟ್ ತಂಡದ ಕೋಚ್ ಆಗಿದ್ದಾಗ, 1994ರ ಡಿಸೆಂಬರ್‌ನಲ್ಲಿ ಯೆಬೊವಾ, ಒಕೊಚಾ, ಗೌಡಿನೊ ಮೂವರು ಹೆಚ್ಚುವರಿ ತರಬೇತಿಯ ವಿಷಯಕ್ಕೆ ತಿರುಗಿಬಿದ್ದಾಗ ಮೂವರನ್ನೂ ಹೊರಗಿಟ್ಟರು. ಯೆಬೊವಾ, ಗೌಡಿನೊ ಇಂಗ್ಲೆಂಡಿಗೆ ಹೊರಟುಹೋದರು. ಕೆಲವೇ ತಿಂಗಳಲ್ಲಿ ಹೈಂಕೆಸ್ ಕೂಡ ಕೆಲಸ ಬಿಟ್ಟರು. ತಂಡದ ಮೂವರು ಒಳ್ಳೆಯ ಆಟಗಾರರನ್ನು ಒಂದೇ ದಿನ ಎದುರು ಹಾಕಿಕೊಂಡರೆ ನಿಯಮ ಉಳಿದೀತು, ತಂಡ ಉಳಿಯುವುದಿಲ್ಲ.

ಪ್ರಶ್ನೆ: 1998ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟವರನ್ನೇ ಕಳಿಸಿಬಿಟ್ಟರು ಎನ್ನುತ್ತಾರೆ. ನಿಜವೇ? (ಉಡುಪಿ)

ನಿಜ. ಮೇ 20ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯುವೆಂಟಸ್ ಮೇಲೆ 1-0, ಮಿಯಾತೊವಿಚ್‌ರ ಗೋಲು. ರಿಯಲ್‌ಗೆ 1966ರ ನಂತರದ ಮೊದಲ ಯೂರೋಪಿಯನ್ ಕಪ್ ಅದು. ಆದರೆ ಸ್ಪೇನ್ ಲೀಗ್‌ನಲ್ಲಿ ನಾಲ್ಕನೇ ಸ್ಥಾನ, ಬಾರ್ಸಿಲೋನಾ ಚಾಂಪಿಯನ್. ಫೈನಲ್‌ಗೆ ಮುಂಚೆಯೇ ತೀರ್ಮಾನ ಹೆಚ್ಚುಕಡಿಮೆ ಆಗಿಹೋಗಿತ್ತು, ಕಪ್ ಬಂದ ಮೇಲೂ ಬದಲಾಗಲಿಲ್ಲ. ಅವರಿಗೆ ಇದು ಹೊಸದೇನಲ್ಲ. ಬಯರ್ನ್‌ಗೆ 1989, 1990ರಲ್ಲಿ ಲೀಗ್ ಗೆದ್ದುಕೊಟ್ಟರೂ 1991ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದ್ದರು. ಅದು ತನ್ನ ಅತಿದೊಡ್ಡ ತಪ್ಪು ಎಂದು ಬಯರ್ನ್‌ನ ಉಲಿ ಹೋನೆಸ್ ಆಮೇಲೆ ಒಪ್ಪಿಕೊಂಡರು.

ಪ್ರಶ್ನೆ: 2012ರಲ್ಲಿ ಬಯರ್ನ್ ಮೂರಕ್ಕೆ ಮೂರೂ ಕಳೆದುಕೊಂಡಿತು, 2013ರಲ್ಲಿ ಮೂರಕ್ಕೆ ಮೂರೂ ಗೆದ್ದಿತು. ಕೋಚ್ ಅವರೇ, ಆಟಗಾರರೂ ಬಹುಪಾಲು ಅವರೇ. ಬದಲಾದದ್ದೇನು? (ಬೆಂಗಳೂರು, ಮಂಗಳೂರು, ದುಬೈಯಿಂದಲೂ ಇದೇ ಪ್ರಶ್ನೆ)

2012ರ ಮೇ 19ರ ರಾತ್ರಿಯಿಂದಲೇ ಶುರು ಮಾಡಬೇಕು. ಸ್ವಂತ ಊರು ಮ್ಯೂನಿಕ್‌ನಲ್ಲಿ ಚೆಲ್ಸಿ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ಅಲಾಬಾ, ಬಾಡ್‌ಸ್ಟುಬರ್, ಲೂಯಿಸ್ ಗುಸ್ತಾವೊ ಮೂವರೂ ಕಾರ್ಡ್‌ಗಳಿಂದಾಗಿ ನಿಷೇಧದಲ್ಲಿ. ಹಾಗಾಗಿ ಮಿಡ್‌ಫೀಲ್ಡರ್ ಟಿಮೊಶ್ಚುಕ್ ಡಿಫೆನ್ಸ್ ಮಧ್ಯದಲ್ಲಿ ನಿಲ್ಲಬೇಕಾಯಿತು. ಬಯರ್ನ್‌ಗೆ 20 ಕಾರ್ನರ್, ಗೋಲು ಬರಲಿಲ್ಲ. 83ನೇ ನಿಮಿಷದಲ್ಲಿ ಮುಲ್ಲರ್ ಗೋಲು. 87ನೇ ನಿಮಿಷದಲ್ಲಿ ಮುನ್ನಡೆ ಕಾಯಲು ಮುಲ್ಲರ್‌ರನ್ನು ಕರೆಸಿಕೊಂಡು ಡಿಫೆಂಡರ್ ವ್ಯಾನ್ ಬೂಟೆನ್‌ರನ್ನು ಇಳಿಸಿದರು. 88ನೇ ನಿಮಿಷದಲ್ಲಿ ಚೆಲ್ಸಿಗೆ ಆ ಪಂದ್ಯದ ಒಂದೇ ಒಂದು ಕಾರ್ನರ್, ಡ್ರೊಗ್ಬಾ ಹೆಡರ್, 1-1. ಹೆಚ್ಚುವರಿ ಸಮಯದಲ್ಲಿ ರಾಬೆನ್‌ರ ಪೆನಾಲ್ಟಿಯನ್ನು ಚೆಕ್ ಹಿಡಿದರು, ರಿಬೆರಿ ಗಾಯಗೊಂಡು ಹೊರನಡೆದರು. ಪೆನಾಲ್ಟಿ ಸರದಿ ಬಂದಾಗ ಮುಲ್ಲರ್ ಇಲ್ಲ, ರಿಬೆರಿ ಇಲ್ಲ. ಮೂರನೇ ಒದೆತಕ್ಕೆ ಗೋಲ್‌ಕೀಪರ್ ನೊಯರ್ ಬರಬೇಕಾಯಿತು! ಅವರು ಹೊಡೆದರು, ಓಲಿಚ್, ಶ್ವೈನ್‌ಸ್ಟೈಗರ್ ತಪ್ಪಿದರು.

ಇದನ್ನು ದುರದೃಷ್ಟ ಎಂದು ಬಿಡಬಹುದಿತ್ತು, ತುಂಬ ಜನ ಹಾಗೇ ಬರೆದರು. ಆದರೆ ಲೀಗ್‌ನಲ್ಲಿ ಡಾರ್ಟ್‌ಮಂಡ್ 81 ಅಂಕ, ಬಯರ್ನ್ 73. ಜರ್ಮನ್ ಕಪ್ ಫೈನಲ್‌ನಲ್ಲಿ ಅದೇ ಡಾರ್ಟ್‌ಮಂಡ್ ಎದುರು 2-5. ಅದೃಷ್ಟ ಮೂರು ಕಡೆ ಒಟ್ಟಿಗೆ ಕೈಕೊಡುವುದಿಲ್ಲ. ಡಿಫೆನ್ಸ್‌ನಲ್ಲಿ ಇಬ್ಬರು ತಪ್ಪಿದರೆ ಬದಲಿಯಿಲ್ಲ, ಮಿಡ್‌ಫೀಲ್ಡ್‌ನಲ್ಲಿ ಎತ್ತರದ, ಚೆಂಡು ಕಸಿಯುವ ಆಳಿಲ್ಲ, ಮುಂದಿನವರು ಚೆಂಡು ಕಳೆದುಕೊಂಡರೆ ಹಿಂದೆ ಓಡುವುದಿಲ್ಲ. ರೋಗ ಈ ಮೂರು.

ಮದ್ದೂ ಅಷ್ಟೇ ನೇರ. ಗ್ಲಾಡ್‌ಬಾಕ್‌ನಿಂದ ಡಾಂಟೆ, ವುಲ್ಫ್ಸ್‌ಬರ್ಗ್‌ನಿಂದ ಮಾಂಜುಕಿಚ್, ಅಥ್ಲೆಟಿಕ್ ಬಿಲ್ಬಾವೊದಿಂದ 4 ಕೋಟಿ ಯೂರೋ ಕೊಟ್ಟು ಹಾವಿ ಮಾರ್ಟಿನೆಸ್. ಬುಂಡೆಸ್‌ಲೀಗಾದಲ್ಲಿ ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಕೊಟ್ಟಿರಲಿಲ್ಲ. ಬಿಲ್ಬಾವೊದಲ್ಲಿ ಎರಡು ಅವಧಿ ಕೋಚ್ ಆಗಿದ್ದ ಹೈಂಕೆಸ್‌ಗೆ ಆ ಕ್ಲಬ್ ಎಂಥ ಆಟಗಾರರನ್ನು ತಯಾರು ಮಾಡುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಮಾರ್ಟಿನೆಸ್ ಹಿಂದೆ ನಿಂತರು, ಶ್ವೈನ್‌ಸ್ಟೈಗರ್‌ಗೆ ಮುಂದಕ್ಕೆ ಚೆಂಡು ಹಂಚುವ ಸ್ವಾತಂತ್ರ್ಯ ಸಿಕ್ಕಿತು.

ನಮ್ಮ ಪ್ರಕಾರ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಎಡಬದಿಯಲ್ಲಾಯಿತು. ಎಡ ಡಿಫೆಂಡರ್ ಅಲಾಬಾ ಮುಂದೆ ಓಡಿದಾಗ ಅವರ ಜಾಗಕ್ಕೆ ವಿಂಗರ್, ಅಂದರೆ ಅಂಚಿನಲ್ಲಿ ದಾಳಿ ಮಾಡುವ ರಿಬೆರಿ ಹಿಂದೆ ಬರತೊಡಗಿದರು. ಆ ಮಟ್ಟದ ವಿಂಗರ್‌ನಿಂದ ಈ ಕೆಲಸ ಮಾಡಿಸುವುದು ಬೋರ್ಡಿನ ಮೇಲೆ ಬಾಣ ಬರೆದಷ್ಟು ಸುಲಭವಲ್ಲ. ಮುಂದೆ ಮಾಂಜುಕಿಚ್ ಗೋಲು ಹೊಡೆಯುವುದಕ್ಕಿಂತ ಮೊದಲು ಎದುರಾಳಿ ಡಿಫೆಂಡರ್‌ಗಳನ್ನು ಬೆನ್ನಟ್ಟುತ್ತಿದ್ದರು. ದಿನದಿನದ ತರಬೇತಿಯ ಬಹಳಷ್ಟನ್ನು ಲೆವರ್ಕುಸೆನ್‌ನಿಂದ ಜೊತೆಗೆ ಕರೆತಂದ ಸಹಾಯಕ ಕೋಚ್ ಪೀಟರ್ ಹೆರ್ಮನ್‌ಗೆ ಒಪ್ಪಿಸಿದ್ದರು. ಫ್ರಾಂಕ್‌ಫರ್ಟ್‌ನ ಹೈಂಕೆಸ್ ಹೀಗೆ ಕೆಲಸ ಹಂಚುತ್ತಿದ್ದರೆ? ಅನುಮಾನ.

ಫಲ: 34 ಲೀಗ್ ಪಂದ್ಯಗಳಲ್ಲಿ 29 ಗೆಲುವು, 4 ಡ್ರಾ, 1 ಸೋಲು. 98 ಗೋಲು ಹೊಡೆದು 18 ಬಿಟ್ಟರು. 91 ಅಂಕ, ಎರಡನೇ ಸ್ಥಾನದ ಡಾರ್ಟ್‌ಮಂಡ್‌ಗಿಂತ 25 ಹೆಚ್ಚು. ಆ ಒಂದು ಸೋಲು ಹೈಂಕೆಸ್‌ರ ಹಿಂದಿನ ತಂಡ ಲೆವರ್ಕುಸೆನ್ ಎದುರು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಮೇಲೆ 4-0, 3-0. ಹಿಂದಿನ ವರ್ಷ 20 ಕಾರ್ನರ್ ವ್ಯರ್ಥ ಮಾಡಿದ್ದವರು, ಆ 4-0ರ ಮೊದಲ ಎರಡು ಗೋಲು ತೆಗೆದದ್ದು ಕಾರ್ನರ್‌ನಿಂದಲೇ. ವೆಂಬ್ಲಿಯ ಫೈನಲ್‌ನಲ್ಲಿ ಡಾರ್ಟ್‌ಮಂಡ್ ವಿರುದ್ಧ 1-1 ಇದ್ದಾಗ 89ನೇ ನಿಮಿಷ: ಬೋಟೆಂಗ್ ಉದ್ದ ಚೆಂಡು ಕಳಿಸಿದರು, ರಿಬೆರಿ ಹಿಮ್ಮಡಿಯಿಂದ ತಳ್ಳಿದರು, ಇಬ್ಬರು ಡಿಫೆಂಡರ್‌ಗಳ ನಡುವೆ ನುಗ್ಗಿದ ರಾಬೆನ್ ಎಡಗಾಲಲ್ಲಿ ಮೆಲ್ಲಗೆ ಮುಟ್ಟಿದರು. ಚೆಂಡು ಉರುಳಿಕೊಂಡೇ ಗೋಲಿಗೆ ಹೋಯಿತು. ಜೂನ್ 1ರಂದು ಸ್ಟುಟ್‌ಗಾರ್ಟ್ ಮೇಲೆ 3-2 ಗೆದ್ದು ಜರ್ಮನ್ ಕಪ್. ಒಂದೇ ಋತುವಿನಲ್ಲಿ ಈ ಮೂರನ್ನೂ ಗೆದ್ದ ಮೊದಲ ಜರ್ಮನ್ ಕ್ಲಬ್ ಅದು. ಗಮನಿಸಿ, ಮುಂದಿನ ಕೋಚ್ ಗಾರ್ಡಿಯೋಲಾ ಎಂದು ಜನವರಿಯಲ್ಲೇ ಪ್ರಕಟವಾಗಿತ್ತು. ಹೋಗುವವರೆಂದು ಗೊತ್ತಾದ ಕೋಚ್‌ನ ಮಾತು ಆಟಗಾರರು ಕೇಳುವುದು ಅಪರೂಪ.

ಪ್ರಶ್ನೆ: ಹೈಂಕೆಸ್ ಭಾರತಕ್ಕೆ ಬಂದಿದ್ದಾರೆಯೇ? (ಶಿವಮೊಗ್ಗ)

ಬಂದಿದ್ದಾರೆ. 2012ರ ಜನವರಿ 10ರಂದು ದೆಹಲಿಯಲ್ಲಿ ಬೈಚುಂಗ್ ಭುಟಿಯಾರ ವಿದಾಯ ಪಂದ್ಯಕ್ಕೆ ಅವರ ಬಯರ್ನ್ ತಂಡ ಬಂದಿತ್ತು. ಭಾರತದ ವಿರುದ್ಧ 4-0, ನಾಲ್ಕೂ ಮೊದಲಾರ್ಧದಲ್ಲೇ. ಇನ್ನು ಬೆಂಗಳೂರು ಎಫ್‌ಸಿಗೆ 2021-22ರಲ್ಲಿ ಕೋಚ್ ಆಗಿದ್ದ ಮಾರ್ಕೊ ಪೆಜ್ಜಾಯುವೊಲಿ ಕೂಡ ಜರ್ಮನಿಯ ಪದ್ಧತಿಯಲ್ಲಿ ಬೆಳೆದವರು. 2009ರಲ್ಲಿ ಗೋಟ್ಸೆ, ಟೆರ್ ಸ್ಟೆಗೆನ್ ಇದ್ದ 17 ವರ್ಷದೊಳಗಿನ ಜರ್ಮನಿ ತಂಡಕ್ಕೆ ಯೂರೋಪ್ ಪ್ರಶಸ್ತಿ ತಂದವರು.

ಪ್ರಶ್ನೆ: 15 ವರ್ಷದೊಳಗಿನ ಹುಡುಗರಿಗೆ ಕೋಚಿಂಗ್ ಕೊಡುತ್ತೇನೆ. ನನ್ನ ವಿಂಗರ್‌ಗಳು ಹಿಂದೆ ಬರುವುದೇ ಇಲ್ಲ. ರಿಬೆರಿ–ಅಲಾಬಾ ಥರ ಆಡಿಸಲು ಅಭ್ಯಾಸ ಹೇಳಿ. ಲೈಸೆನ್ಸ್ ಬಗ್ಗೆಯೂ ತಿಳಿಸಿ. (ಗೌತಮಪುರ, ಬೆಂಗಳೂರು)

ಲೈಸೆನ್ಸ್ ವಿಷಯ ಮೊದಲು ಮುಗಿಸೋಣ. ಇಲ್ಲಿ ಎಐಎಫ್ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ನಡೆಸುವ ಡಿ, ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳಿವೆ. ಡಿ ಕೋರ್ಸ್ ಯಾವಾಗ ಎಂದು ಕೆಎಸ್‌ಎಫ್‌ಎಯಲ್ಲಿ (ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ) ವಿಚಾರಿಸಿ. ಮೇಲಿನ ಮೆಟ್ಟಿಲಿಗೆ ನೀವು ನಿಜವಾಗಿ ತಂಡ ನಡೆಸುತ್ತಿದ್ದೀರಿ ಎಂದು ತೋರಿಸಬೇಕಾಗುತ್ತದೆ, ಆದ್ದರಿಂದ ಪ್ರತಿ ದಿನದ ಅಭ್ಯಾಸವನ್ನು ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಿ.

ಅಭ್ಯಾಸಕ್ಕೆ 40 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗ ಸಾಕು. ಎರಡೂ ತುದಿಯಲ್ಲಿ ಗೋಲು, ಕೀಪರ್. ಉದ್ದಕ್ಕೂ ಕೋನ್ ಇಟ್ಟು ಮೂರು ಪಟ್ಟಿ ಮಾಡಿ: ಅಂಚಿನವು 8 ಮೀಟರ್, ನಡುವಿನದು 14. ಕೀಪರ್ ಬಿಟ್ಟು ತಂಡಕ್ಕೆ ಏಳು ಜನ: ಪ್ರತಿ ಅಂಚಿನಲ್ಲಿ ಒಬ್ಬ ಬ್ಯಾಕ್, ಒಬ್ಬ ವಿಂಗರ್, ನಡುವೆ ಮೂವರು. ನಿಯಮ ಎರಡೇ. ಚೆಂಡು ಒಮ್ಮೆಯಾದರೂ ಅಂಚಿನ ಪಟ್ಟಿಯಿಂದ ಬಂದರೆ ಮಾತ್ರ ಗೋಲು ಲೆಕ್ಕ. ಬ್ಯಾಕ್ ಅರ್ಧ ಗೆರೆ ದಾಟಿದ ಮೇಲೆ ಚೆಂಡು ಕಳೆದುಹೋದರೆ, ಅದೇ ಪಟ್ಟಿಯ ವಿಂಗರ್ 5 ಸೆಕೆಂಡಿನೊಳಗೆ ಚೆಂಡಿಗಿಂತ ಹಿಂದೆ ಇರಬೇಕು; ಇಲ್ಲದಿದ್ದರೆ ಆ ದಾಳಿಯಲ್ಲಿ ಎದುರಾಳಿ ಹೊಡೆದ ಗೋಲಿಗೆ ಎರಡು. 4 ನಿಮಿಷದ ನಾಲ್ಕು ಸುತ್ತು, ನಡುವೆ 2 ನಿಮಿಷ ನೀರು, ವಿಶ್ರಾಂತಿ. ಪ್ರತಿ ಸುತ್ತಿಗೆ ಬ್ಯಾಕ್ ಮತ್ತು ವಿಂಗರ್ ಜಾಗ ಬದಲಾಯಿಸಲಿ. ತಾನೇ ಬ್ಯಾಕ್ ಆಗಿ ಒಂಟಿಯಾಗಿ ಸಿಕ್ಕಿಬಿದ್ದ ಹುಡುಗನಿಗೆ ಮುಂದಿನ ಸುತ್ತಿನಲ್ಲಿ ಹೇಳಿಕೊಡುವುದೇ ಬೇಡ.

ಹುಡುಗರು ಮೊದಲು ಮಾಡುವ ತಪ್ಪು, ಸೀದಾ ಚೆಂಡಿನತ್ತ ಓಡುವುದು. ತಲುಪುವಷ್ಟರಲ್ಲಿ ಚೆಂಡು ಮುಂದೆ ಹೋಗಿರುತ್ತದೆ, ಬ್ಯಾಕ್ ಬಿಟ್ಟ ಜಾಗ ಖಾಲಿಯೇ ಉಳಿಯುತ್ತದೆ. ಮೊದಲು ತಮ್ಮ ಗೋಲಿನ ಕಡೆ ಓಡಿ, ಆಮೇಲೆ ಹೊರಕ್ಕೆ ತಿರುಗಲಿ. ಇನ್ನೊಂದು, ನಡುವಿನ ಮೂವರು ನಿಂತು ನೋಡುವುದು. ಚೆಂಡು ಹೋದ ಬದಿಗೆ ಮೂವರೂ ನಾಲ್ಕೈದು ಹೆಜ್ಜೆ ಸರಿಯದಿದ್ದರೆ ವಿಂಗರ್ ಹಿಂದೆ ಬಂದೂ ಉಪಯೋಗವಿಲ್ಲ, ಒಳಗಿನ ಪಾಸ್ ತೆರೆದೇ ಇರುತ್ತದೆ. ನಿಮ್ಮ ಕಡೆಯಿಂದ ಆಗಬಹುದಾದ ತಪ್ಪೂ ಇದೆ: "ಹಿಂದೆ ಬಾ, ಹಿಂದೆ ಬಾ" ಎಂದು ಹೊರಗಿನಿಂದ ಕೂಗುತ್ತಿದ್ದರೆ ಅವರು ನಿಮ್ಮ ದನಿಗೆ ಓಡುತ್ತಾರೆ, ಆಟ ನೋಡುವುದಿಲ್ಲ. ಸೆಕೆಂಡುಗಳನ್ನು ಮಾತ್ರ ಜೋರಾಗಿ ಎಣಿಸಿ. ನಾಲ್ಕನೇ ಸುತ್ತಿನಲ್ಲಿ ಕಾಲು ಸೋತು ಯಾರೂ 5 ಸೆಕೆಂಡಿಗೆ ತಲುಪುತ್ತಿಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ದಿನ ಮೂರೇ ಸುತ್ತು ಇಟ್ಟುಕೊಳ್ಳಿ.