ಫೀ ಉಳಿಸಲು ನೆಟ್‌ವರ್ಕ್ ಬದಲಿಸಿದೆ, ಹದಿನೈದು ಕ್ವಿಂಟಲ್ ತೊಗರಿ ಹೋಯಿತು

ನಿಮ್ಮ ಕ್ರಿಪ್ಟೋ ನಾಣ್ಯವನ್ನು ಒಂದು ಎಕ್ಸ್‌ಚೇಂಜ್‌ನಿಂದ, ಅಂದರೆ ಇಂಥ ನಾಣ್ಯ ಕೊಂಡು ಮಾರುವ ಆನ್‌ಲೈನ್ ಜಾಗದಿಂದ, ಇನ್ನೊಂದಕ್ಕೆ ಸಾಗಿಸಲು "ಯಾವ ನೆಟ್‌ವರ್ಕ್‌ನಲ್ಲಿ ಕಳಿಸಿದರೆ ಫೀ ಎಲ್ಲಕ್ಕಿಂತ ಕಡಿಮೆ ಬೀಳುತ್ತದೆ?" ಎಂದು ಕೇಳಿದ್ದೀರಿ. ಆ ಸಾಲು ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 2021ರ ಮೇ ತಿಂಗಳಲ್ಲಿ ನನ್ನ ತಲೆಯಲ್ಲಿದ್ದದ್ದೂ ಇದೊಂದೇ ಪ್ರಶ್ನೆ.

ನಮ್ಮೂರು ಆಳಂದ ತಾಲೂಕಿನಲ್ಲಿದೆ. ಆ ವರ್ಷ ಜನವರಿಯಲ್ಲಿ ಅಪ್ಪ ಹದಿನಾರು ಕ್ವಿಂಟಲ್ ತೊಗರಿ ಮಾರಿದ್ದ. ಬೆಂಬಲ ಬೆಲೆ ಕ್ವಿಂಟಲ್‌ಗೆ 6,000 ಇತ್ತು, ಕೈಗೆ ಬಂದದ್ದು 96,000. ಮಳೆಗಾಲಕ್ಕೆ ಮುಂಚೆ ಮನೆಗೆ ಹೊಸ ಪತ್ರಾ, ಅಂದರೆ ಮಾಡಿನ ತಗಡು, ಹಾಕಿಸಬೇಕು, ಅಲ್ಲಿಯವರೆಗೆ ನಿನ್ನ ಖಾತೆಯಲ್ಲೇ ಇರಲಿ ಅಂದಿದ್ದ. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಆನ್‌ಲೈನ್ ಅರ್ಜಿ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಲಾಕ್‌ಡೌನ್‌ನಲ್ಲಿ ಸೆಂಟರ್ ಮುಚ್ಚಿತು. ದಿನವಿಡೀ ರೂಮಿನಲ್ಲಿ ಕೂಲರ್ ಮುಂದೆ ಕೂತು ಕ್ರಿಪ್ಟೋ ವಿಡಿಯೊ ನೋಡುವುದೇ ಕೆಲಸವಾಯಿತು. ಒಂದು ನಾಣ್ಯ ಏರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಅದು ನನ್ನ ಎಕ್ಸ್‌ಚೇಂಜ್‌ನಲ್ಲಿ ಇರಲಿಲ್ಲ, ಹೊರದೇಶದ ಇನ್ನೊಂದರಲ್ಲಿ ಇತ್ತು. ಅಪ್ಪನನ್ನು ಕೇಳದೆ ಆ ದುಡ್ಡಿಗೆ 1,230 ಯುಎಸ್‌ಡಿಟಿ ಕೊಂಡೆ, ಅದು ಒಂದಕ್ಕೆ ಹೆಚ್ಚುಕಡಿಮೆ ಒಂದು ಡಾಲರ್ ಬೆಲೆಯ ಕ್ರಿಪ್ಟೋ ನಾಣ್ಯ. ಕೇಳದೆ ಮುಟ್ಟಿದ್ದು ಬೇರೆಯೇ ತಪ್ಪು, ಅದನ್ನು ಮನೆಯಲ್ಲಿ ಒಪ್ಪಿಕೊಂಡಿದ್ದೇನೆ. ನಿಮಗೆ ಬೇಕಾದದ್ದು ಮುಂದಿನ ತಪ್ಪು. ಅದನ್ನು ಒಂದೊಂದೇ ಗುಂಡಿ ಒತ್ತಿದ ಲೆಕ್ಕದಲ್ಲಿ ಹೇಳುತ್ತೇನೆ.

ಎರಡನೆಯ ಎಕ್ಸ್‌ಚೇಂಜ್‌ನ ಡೆಪಾಸಿಟ್ ಪುಟ ತೆರೆದೆ. ನಾಣ್ಯ ಯುಎಸ್‌ಡಿಟಿ, ನಾಣ್ಯ ಸಾಗುವ ದಾರಿ, ಅಂದರೆ ನೆಟ್‌ವರ್ಕ್, ಇಆರ್‌ಸಿ-20, ಇಥೀರಿಯಮ್‌ನದ್ದು. ಕೆಳಗೆ ಸೊನ್ನೆ-ಎಕ್ಸ್‌ನಿಂದ ಶುರುವಾಗುವ ಉದ್ದ ವಿಳಾಸ. ಕಾಪಿ ಮಾಡಿದೆ. ಎಲ್ಲರೂ ಹೇಳುವಂತೆ ಮೊದಲು ಚಿಕ್ಕ ಮೊತ್ತ ಕಳಿಸಿ ನೋಡಿದೆ. ಹೌದು, ನಾನು ಟೆಸ್ಟ್ ಮಾಡಿದ್ದೆ. 50 ಯುಎಸ್‌ಡಿಟಿ ಇಆರ್‌ಸಿ-20ರಲ್ಲೇ ಹೋಯಿತು. ಆಗ ಇಥೀರಿಯಮ್‌ನಲ್ಲಿ ವಿಪರೀತ ದಟ್ಟಣೆ, 20 ಡಾಲರ್ ಫೀ ಹಿಡಿದರು, 30 ಆ ಕಡೆ ಬಂದು ಬಿತ್ತು. ವಿಳಾಸ ಸರಿಯಿದೆ ಎಂದು ಸಮಾಧಾನವಾಯಿತು, ಆದರೆ ಆ 20 ಡಾಲರ್ ಹೊಟ್ಟೆ ಉರಿಸಿತು.

ಉಳಿದ 1,180 ಕಳಿಸುವಾಗ ಅದೇ ವಿಳಾಸ ಅಂಟಿಸಿದೆ. ಈ ಸಲ ನೆಟ್‌ವರ್ಕ್ ಪಟ್ಟಿ ಬಿಚ್ಚಿ ನೋಡಿದೆ. ಕೆಳಗೆ ಬಿಇಪಿ-20 ಎಂದಿತ್ತು, ಅದು ಬಿಎನ್‌ಬಿ ಚೈನ್ ಎಂಬ ಬೇರೆ ನೆಟ್‌ವರ್ಕ್, ಫೀ ಒಂದು ಡಾಲರ್‌ಗಿಂತ ಕಡಿಮೆ. ವಿಳಾಸ ಟೆಸ್ಟ್ ಆಗಿದೆ, ಇನ್ನೇನು ಎಂದುಕೊಂಡು ಅದನ್ನೇ ಆರಿಸಿದೆ. ಪುಟ ತಕರಾರು ಮಾಡಲಿಲ್ಲ. ಓಟಿಪಿ ಹಾಕಿದೆ. ಸ್ವಲ್ಪ ಹೊತ್ತಿಗೆ ಹಸಿರು ಅಕ್ಷರದಲ್ಲಿ "ಸಕ್ಸೆಸ್" ಬಂತು. ಆ ಕಡೆ ಬ್ಯಾಲೆನ್ಸ್ ಮಾತ್ರ 30ಕ್ಕೇ ನಿಂತಿತ್ತು. ಬೆಳಗಾಗುವವರೆಗೂ ಪುಟ ರಿಫ್ರೆಶ್ ಮಾಡಿದೆ. 30ಕ್ಕೇ ನಿಂತಿತ್ತು.

ಯುಎಸ್‌ಡಿಟಿ ಎನ್ನುವುದು ಒಂದೇ ಹೆಸರು, ಆದರೆ ಅದು ಇಥೀರಿಯಮ್ ಮೇಲೆ ಬೇರೆ, ಬಿಎನ್‌ಬಿ ಚೈನ್ ಮೇಲೆ ಬೇರೆ, ಟ್ರಾನ್ ಮೇಲೆ ಬೇರೆ. ಒಂದರ ಲೆಕ್ಕದ ಪುಸ್ತಕ ಇನ್ನೊಂದಕ್ಕೆ ಗೊತ್ತಿಲ್ಲ. ಇಥೀರಿಯಮ್ ಮತ್ತು ಬಿಎನ್‌ಬಿ ಚೈನ್‌ನ ವಿಳಾಸಗಳು ಮಾತ್ರ ಒಂದೇ ರೂಪದವು: ಸೊನ್ನೆ-ಎಕ್ಸ್, ಮುಂದೆ 40 ಅಕ್ಷರ. ಪಾಲಿಗಾನ್‌ನದ್ದೂ ಹಾಗೇ. ಅದಕ್ಕೇ ಪುಟ ತಕರಾರು ತೆಗೆಯಲಿಲ್ಲ. ಟ್ರಾನ್ ಆಗಿದ್ದರೆ ವಿಳಾಸ 'ಟಿ' ಅಕ್ಷರದಿಂದ ಶುರುವಾಗಬೇಕು, ಹೊಂದುವುದಿಲ್ಲ ಎಂದು ಅಲ್ಲೇ ತಡೆಯುತ್ತಿತ್ತು, ನಾನು ಉಳಿದುಕೊಳ್ಳುತ್ತಿದ್ದೆ. ನನ್ನ ಟೆಸ್ಟ್ ವಿಳಾಸವನ್ನು ಪರೀಕ್ಷಿಸಿತ್ತು, ದಾರಿಯನ್ನಲ್ಲ. ದುಡ್ಡು ಬೇರೆ ದಾರಿ ಹಿಡಿದು ಅದೇ ನಂಬರಿನ ಬೇರೆ ಗೋಡೌನ್‌ಗೆ ಹೋಗಿ ಇಳಿಯಿತು. ಆ ಗೋಡೌನ್‌ನ ಬೀಗದ ಕೈ ಆ ಎಕ್ಸ್‌ಚೇಂಜ್ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಅದೇ ನನ್ನ ಸ್ವಂತ ವಾಲೆಟ್‌ನ, ಅಂದರೆ ಬೀಗದ ಕೈ ನನ್ನ ಹತ್ತಿರವೇ ಇರುವ ಆ್ಯಪ್‌ನ, ವಿಳಾಸವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಎರಡೂ ಚೈನ್‌ಗೆ ಒಂದೇ ಖಾಸಗಿ ಕೀ, ಅಂದರೆ ಆ ಗುಟ್ಟಿನ ಬೀಗದ ಕೈ, ಸಾಕು, ವಾಲೆಟ್‌ನಲ್ಲಿ ಬಿಎನ್‌ಬಿ ಚೈನ್ ಸೇರಿಸಿದ್ದರೆ ದುಡ್ಡು ಕಣ್ಣಿಗೆ ಬೀಳುತ್ತಿತ್ತು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಆ ಎಕ್ಸ್‌ಚೇಂಜ್‌ಗೆ ಹನ್ನೊಂದು ಸಲ ಬರೆದೆ. ಮೂರು ವಾರಕ್ಕೆ ಉತ್ತರ ಬಂತು: ಈ ನೆಟ್‌ವರ್ಕ್ ನಮ್ಮಲ್ಲಿಲ್ಲ, ಹಿಂದಿರುಗಿಸಲು ಆಗುವುದಿಲ್ಲ. ಕೆಲವು ಕಡೆ ಶುಲ್ಕ ತೆಗೆದುಕೊಂಡು ಮರಳಿಸುವ ವ್ಯವಸ್ಥೆ ಇರುತ್ತದೆ, ಅದು ಅವರ ಮರ್ಜಿ. ಈ ನಡುವೆ ಟೆಲಿಗ್ರಾಮ್‌ನಲ್ಲಿ ನನ್ನ ಗೋಳು ತೋಡಿಕೊಂಡಿದ್ದೆ. ಹತ್ತು ನಿಮಿಷಕ್ಕೆ "ಸಪೋರ್ಟ್" ಹೆಸರಿನಲ್ಲಿ ಒಬ್ಬ ಬಂದ. ವಾಲೆಟ್‌ನ ಹನ್ನೆರಡು ಪದ ಕಳಿಸಿ, ದುಡ್ಡು ಎಳೆದುಕೊಡುತ್ತೇನೆ ಅಂದ. ಏಳು ಪದ ಟೈಪ್ ಮಾಡಿದ್ದೆ. ಕರೆಂಟು ಹೋಗಿ ಕೂಲರ್ ನಿಂತಿತು, ಕಿಟಕಿ ತೆಗೆಯಲು ಎದ್ದೆ, ಅಷ್ಟರಲ್ಲಿ ಬುದ್ಧಿ ಬಂತು, ಅಳಿಸಿದೆ. ಆ ಪದಗಳೇ ವಾಲೆಟ್‌ನ ಬೀಗದ ಕೈ, ಕೊಟ್ಟರೆ ಅದರಲ್ಲಿರುವುದೆಲ್ಲ ಹೋಗುತ್ತದೆ.

ಅಪ್ಪನಿಗೆ ಹೇಳಿದ್ದು ಜುಲೈನಲ್ಲಿ, ಹಳೆ ಪತ್ರಾ ಸೋರುತ್ತಿದ್ದಾಗ. ಬಯ್ಯಲಿಲ್ಲ. "ಯಾರಾರ ಹೊಡಕೊಂಡ್ರೇನು?" ಅಂತ ಕೇಳಿದ. "ಇಲ್ಲಪ್ಪ, ಅಲ್ಲೇ ಅದ, ಕಾಣಸ್ತದ" ಅಂದೆ. ಮೊಬೈಲ್‌ನಲ್ಲಿ ತೋರಿಸಿದೆ. ಆ ವಿಳಾಸದ ಮುಂದೆ, ಫೀ ಕಳೆದು, 1,179 ಚಿಲ್ಲರೆ ಹಾಗೇ ಇತ್ತು. ಕಣ್ಣು ಕಿರಿದು ಮಾಡಿ ನೋಡಿ, "ಕಾಣಸ್ತದ ಅಂದ್ರ ತಗೊಂಡ್ ಬಾ ಮತ್ತ" ಅಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಿಮ್ಮ ವಿಷಯ. ಬೀದರ್‌ನವರು, ಎರಡು ಲಕ್ಷದ ಬಿಟ್‌ಕಾಯಿನ್ ಇದೆ, ಈ ಎಕ್ಸ್‌ಚೇಂಜ್ ಮೇಲೆ ನಂಬಿಕೆ ಹೋಗಿದೆ, ಫೀ ಉಳಿಸಲು ಮೊದಲು ಎಕ್ಸ್‌ಆರ್‌ಪಿ ಎಂಬ ಇನ್ನೊಂದು ನಾಣ್ಯಕ್ಕೆ ಬದಲಿಸಿ ಇನ್ನೊಂದು ಎಕ್ಸ್‌ಚೇಂಜ್‌ಗೆ ಕಳಿಸಿದರೆ ಹೇಗೆ ಎಂದು ಬರೆದಿದ್ದೀರಿ. ಬೇಡ. ದಯವಿಟ್ಟು ಬೇಡ.

ನಿಮ್ಮದೇ ಒಂದು ಕಡೆಯಿಂದ ನಿಮ್ಮದೇ ಇನ್ನೊಂದು ಕಡೆಗೆ ನಾಣ್ಯ ಸಾಗಿಸಿದರೆ ಅದು ಮಾರಾಟವಲ್ಲ, ತೆರಿಗೆ ಬರುವುದಿಲ್ಲ. ಆದರೆ ಬಿಟ್‌ಕಾಯಿನ್ ಕೊಟ್ಟು ಎಕ್ಸ್‌ಆರ್‌ಪಿ ತೆಗೆದುಕೊಂಡ ಕ್ಷಣ ಅದು ಮಾರಾಟ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ, ಅದೇ ವರ್ಷದ ಜುಲೈನಿಂದ ವ್ಯವಹಾರದ ಮೊತ್ತದ ಮೇಲೆ ಶೇ. 1 ಟಿಡಿಎಸ್. ಎರಡು ಲಕ್ಷಕ್ಕೆ 2,000 ರೂಪಾಯಿ ಅಲ್ಲೇ ಹಿಡಿಯುತ್ತಾರೆ. ಅದನ್ನು ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಕಳೆಯಲು ಬಿಡುವುದಿಲ್ಲ. ಆ ಕಡೆ ಹೋಗಿ ಮತ್ತೆ ಬಿಟ್‌ಕಾಯಿನ್ ಮಾಡಿದರೆ ಇನ್ನೊಂದು ಸಲ ಅದೇ ಕಥೆ. ಮೇಲಾಗಿ ಎಕ್ಸ್‌ಆರ್‌ಪಿಗೆ ಎಕ್ಸ್‌ಚೇಂಜ್‌ಗಳು ಎಲ್ಲ ಗ್ರಾಹಕರಿಗೂ ಒಂದೇ ವಿಳಾಸ ಕೊಟ್ಟು, ಯಾರ ದುಡ್ಡು ಎಂದು ಗುರುತಿಸಲು ಡೆಸ್ಟಿನೇಶನ್ ಟ್ಯಾಗ್ ಎಂಬ ಸಂಖ್ಯೆ ಕೊಡುತ್ತವೆ. ಅದನ್ನು ಬಿಟ್ಟು ಕಳಿಸಿದರೆ ನಾನು ಬರೆದಂತೆ ನೀವೂ ಹನ್ನೊಂದು ಪತ್ರ ಬರೆಯಬೇಕಾಗುತ್ತದೆ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಒಂದು ಎಕ್ಸ್‌ಚೇಂಜ್ ಮೇಲೆ ನಂಬಿಕೆಯಿಲ್ಲ ಎಂದು ಇನ್ನೊಂದಕ್ಕೆ ಏಕೆ ಹೋಗುತ್ತೀರಿ? 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಕಳುವಾಯಿತು, ಗ್ರಾಹಕರ ನಾಣ್ಯ ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಬಿದ್ದಿತ್ತು. ಬಹಳ ದಿನ ಇಟ್ಟುಕೊಳ್ಳುವ ಮನಸ್ಸಿದ್ದರೆ ಸ್ವಂತ ವಾಲೆಟ್‌ಗೆ ತನ್ನಿ. ಇಲ್ಲವಾದರೆ ಮಾರಿ ದುಡ್ಡು ಬ್ಯಾಂಕಿಗೆ ಹಾಕಿ, ಅದೇನೂ ನಾಚಿಕೆಯ ಕೆಲಸವಲ್ಲ.

ವಾಲೆಟ್‌ಗೆ ತರುವುದಾದರೆ ಬಿಟ್‌ಕಾಯಿನ್ ಅನ್ನು ಬಿಟ್‌ಕಾಯಿನ್ ನೆಟ್‌ವರ್ಕ್‌ನಲ್ಲೇ ತನ್ನಿ. ಕೆಲವು ಆ್ಯಪ್‌ಗಳು ನಾಣ್ಯ ಹೊರಗೆ ಕಳಿಸಲು ಬಿಡುವುದೇ ಇಲ್ಲ, ಅದನ್ನು ಮೊದಲು ನೋಡಿಕೊಳ್ಳಿ. ಕಳಿಸುವ ಪುಟದಲ್ಲಿರುವ ನೆಟ್‌ವರ್ಕ್ ಹೆಸರು ಮತ್ತು ಪಡೆಯುವ ಪುಟದಲ್ಲಿರುವ ಹೆಸರು ಎರಡನ್ನೂ ಕಾಗದದ ಮೇಲೆ ಬರೆದು ಅಕ್ಷರ ಅಕ್ಷರ ಹೋಲಿಸಿ. ಚಿಕ್ಕ ಮೊತ್ತ ಯಾವ ನೆಟ್‌ವರ್ಕ್‌ನಲ್ಲಿ ಹೋಯಿತೋ ದೊಡ್ಡದೂ ಅದರಲ್ಲೇ ಹೋಗಬೇಕು, ಫೀ ಎಷ್ಟೇ ಇರಲಿ. ಹಳೆಯ ವ್ಯವಹಾರದ ಪಟ್ಟಿಯಿಂದ ವಿಳಾಸ ಕಾಪಿ ಮಾಡಬೇಡಿ. ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರ ಹೊಂದುವ ಸುಳ್ಳು ವಿಳಾಸ ಸೃಷ್ಟಿಸಿ, ಪುಡಿಗಾಸು ಕಳಿಸಿ, ಆ ಪಟ್ಟಿಯಲ್ಲಿ ಕೂರುವ ಕಳ್ಳರಿದ್ದಾರೆ. ನಡುವಿನ ಅಕ್ಷರಗಳನ್ನೂ ಓದಿ. ಬೇರೆಯವರ ಕಂಪ್ಯೂಟರ್‌ನಲ್ಲಿ, ನಮ್ಮಂಥ ಸೆಂಟರಿನಲ್ಲಂತೂ, ಈ ಕೆಲಸ ಬೇಡ. ಕಾಪಿ ಮಾಡಿದ ವಿಳಾಸವನ್ನೇ ಬದಲಿಸುವ ವೈರಸ್‌ಗಳಿವೆ.

ಆ ಹನ್ನೆರಡು ಪದಗಳ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಲೂ ಬೇಡಿ. ನನ್ನವು ಊರಲ್ಲಿ ಅವ್ವನ ಟ್ರಂಕಿನಲ್ಲಿ ಹೊಲದ ಪಹಣಿ ಜೊತೆ ಇವೆ. ಯಾರಾದರೂ ಮೋಸ ಮಾಡಿ ಎಳೆದುಕೊಂಡರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನೀವು ಇನ್ನೂ ಕಳಿಸಿಲ್ಲ ಎಂದು ಬರೆದಿದ್ದೀರಿ, ಅದೊಂದೇ ನನಗೆ ಸಮಾಧಾನ. ಇಂದು ರಾತ್ರಿ ಏನನ್ನೂ ಒತ್ತಬೇಡಿ. ಎರಡೂ ಪುಟಗಳಲ್ಲಿ ನೆಟ್‌ವರ್ಕ್ ಎಂಬ ಜಾಗದಲ್ಲಿ ಏನೇನು ಹೆಸರಿದೆ ಎಂದು ಇಲ್ಲಿ ಬರೆಯಿರಿ. ಹೆಸರು ಮಾತ್ರ. ವಿಳಾಸ ಬೇಡ, ಸ್ಕ್ರೀನ್‌ಶಾಟ್ ಬೇಡ. ನಾಳೆ ಬೆಳಿಗ್ಗೆ ಸೆಂಟರ್ ತೆರೆಯುವ ಮುಂಚೆ ನೋಡಿ ಉತ್ತರಿಸುತ್ತೇನೆ.